ಊರಿದ ಕಾಲು ಜಾರುವುದೇಕೆ? ನಡಿಗೆಯ ಅನಿಮೇಷನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕಾರವಾರದಿಂದ): ಮೇಡಂ, ಬೈತಖೋಲ ಬಂದರಿನಿಂದ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸಿನ ನಡಿಗೆಯನ್ನು ಪೆನ್ಸಿಲ್2ಡಿ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿದ್ದೇನೆ. ಬರೀ ಗೆರೆಯ ಆಕೃತಿ. ಸೆಕೆಂಡಿಗೆ 12 ಚಿತ್ರ, ಒಂದು ಸುತ್ತಿಗೆ 13 ಚಿತ್ರ. ಕಾಲಿನ ಉದ್ದ 200 ಪಿಕ್ಸೆಲ್, ಹೆಜ್ಜೆ 144. ಆಕೃತಿ ನಿಂತಲ್ಲೇ ನಡೆಯುತ್ತದೆ, ಹಿನ್ನೆಲೆಯನ್ನು ಸೆಕೆಂಡಿಗೆ 24 ಫ್ರೇಮಿನ ವಿಡಿಯೊದಲ್ಲಿ ಹಿಂದಕ್ಕೆ ಸರಿಸುತ್ತೇನೆ. ಕಾಲು ಪಾಚಿ ಮೇಲೆ ಇಟ್ಟ ಹಾಗೆ ಜಾರುತ್ತದೆ, ಪ್ರತಿ ಸುತ್ತಿಗೊಮ್ಮೆ ಬಿಕ್ಕಳಿಸುತ್ತದೆ, ಬುಟ್ಟಿ ಕುಣಿಯುತ್ತದೆ. ಇನ್ನಷ್ಟು ಚಿತ್ರ ಸೇರಿಸಿದರೆ ನಯವಾಗುತ್ತದಾ?

ಉತ್ತರ: ಇಲ್ಲ. ಲೆಕ್ಕ ತಪ್ಪಿದ ನಡಿಗೆಗೆ 24 ಚಿತ್ರ ಬಿಡಿಸಿದರೆ ತಪ್ಪು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ.

ಬಿಕ್ಕಳಿಕೆ ಸುಲಭದ್ದು. ನಿಮ್ಮ 13ನೇ ಚಿತ್ರ 1ನೆಯದರ ನಕಲು. ಲೂಪ್ ತಿರುಗಿದಾಗ ಒಂದೇ ಚಿತ್ರ ಎರಡು ಸಲ ಬರುತ್ತದೆ. 13ನ್ನು ಅಳಿಸಿ. ಉಳಿದ 12ರಲ್ಲಿ ಎರಡು ಹೆಜ್ಜೆ, ಅದೇ ಒಂದು ಸುತ್ತು.

ಇನ್ನು ಜಾರುವುದು. ನೆಲಕ್ಕೆ ಊರಿದ ಕಾಲು ಪ್ರತಿ ಚಿತ್ರದಲ್ಲೂ ಒಂದೇ ಅಳತೆಯಲ್ಲಿ ಹಿಂದೆ ಹೋಗಬೇಕು, ನೆಲವೂ ಅಷ್ಟೇ ಹೋಗಬೇಕು. ತಲೆ ಮೇಲೆ ಹೊರೆ ಇರುವವರಿಗೆ 144 ದೊಡ್ಡ ಹೆಜ್ಜೆ, 120 ಮಾಡಿ. ಒಂದು ಹೆಜ್ಜೆಗೆ 6 ಚಿತ್ರ, ಅಂದರೆ ಚಿತ್ರಕ್ಕೆ 20 ಪಿಕ್ಸೆಲ್. ಸೊಂಟದಿಂದ ನೇರ ಕೆಳಗೆ ಒಂದು ಗೆರೆ ಎಳೆದುಕೊಂಡರೆ, ಊರಿದ ಪಾದ 1ನೇ ಚಿತ್ರದಲ್ಲಿ 60 ಮುಂದೆ, ಆಮೇಲೆ 40, 20, 4ನೆಯದರಲ್ಲಿ ಸರಿಯಾಗಿ ಗೆರೆಯ ಮೇಲೆ, ಬಳಿಕ 20 ಹಿಂದೆ, 40 ಹಿಂದೆ, 7ನೆಯದರಲ್ಲಿ 60 ಹಿಂದೆ. ಹಿಮ್ಮಡಿ ಎದ್ದ ಮೇಲೆ ಅಳತೆಯನ್ನು ಹಿಮ್ಮಡಿಯಿಂದ ತೆಗೆಯಬೇಡಿ, ಬೆರಳಿನ ಬುಡದಿಂದ ತೆಗೆಯಿರಿ. ನೆಲಕ್ಕೆ ಅಂಟಿರುವುದು ಆಗ ಅದೇ.

ಎತ್ತಿದ ಕಾಲಿಗೆ ಈ ನಿಯಮ ಇಲ್ಲ. ಅದು ನಿಧಾನ ಎದ್ದು, ನಡುವೆ ಬೀಸಿ, ನಿಧಾನ ಇಳಿಯಬೇಕು. ಚಿತ್ರದಿಂದ ಚಿತ್ರಕ್ಕೆ ಮುಂದೆ ಸರಿಯುವ ಅಳತೆ: 10, 20, 30, 30, 20, 10. ಕೂಡಿದರೆ ಅದೇ 120.

ಇಷ್ಟು ಮಾಡಿದ ಮೇಲೂ ನಿಮ್ಮ ವಿಡಿಯೊದಲ್ಲಿ ಕಾಲು ನಡುಗುತ್ತದೆ, ಯಾಕೆಂದರೆ ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ, ಹಿನ್ನೆಲೆ ಪ್ರತಿ ಫ್ರೇಮಿಗೂ 10 ಪಿಕ್ಸೆಲ್ ಸರಿಯುತ್ತದೆ. ಪಾದ ನೆಲದ ಮೇಲೆ 10 ಮುಂದೆ ಜಾರಿ, ಮುಂದಿನ ಫ್ರೇಮಿನಲ್ಲಿ ಮತ್ತೆ ಜಾಗಕ್ಕೆ ಬರುತ್ತದೆ. ಹಿನ್ನೆಲೆಯನ್ನೂ ಎರಡು ಫ್ರೇಮಿಗೊಮ್ಮೆ 20ರಂತೆ ಸರಿಸಿ.

ಬುಟ್ಟಿ ಕುಣಿಯುವುದು ಸೊಂಟದ ಏರಿಳಿತದಿಂದ. ಪಾದದ ಗಂಟಿನಿಂದ ಸೊಂಟದ ಎತ್ತರ ಹೀಗಿಡಿ: 1ನೇ ಚಿತ್ರ ಕಾಂಟ್ಯಾಕ್ಟ್ (ಮುಂದಿನ ಪಾದ ನೆಲ ಮುಟ್ಟುವ ಭಂಗಿ), 184. 2ನೆಯದು ಡೌನ್, 181. ಮೈಭಾರ ಮೊಣಕಾಲಿಗೆ ಬೀಳುವ ಜಾಗ. 3ಕ್ಕೆ 184, 4 ಪಾಸಿಂಗ್ (ಎತ್ತಿದ ಕಾಲು ಊರಿದ ಕಾಲನ್ನು ದಾಟುವ ಭಂಗಿ), 187. 5 ಅಪ್ (ಮೈ ಎಲ್ಲಕ್ಕಿಂತ ಮೇಲಿರುವ ಭಂಗಿ), 188. 6ಕ್ಕೆ 187. 7ರಿಂದ 12ರವರೆಗೆ ಇದೇ ಸಂಖ್ಯೆಗಳು, ಕಾಲು ಮಾತ್ರ ಅದಲುಬದಲು. ಒಟ್ಟು ಏರಿಳಿತ 7 ಪಿಕ್ಸೆಲ್. ಕೈಬೀಸಿ ನಡೆಯುವವರಿಗೆ 15–18 ಇದ್ದರೂ ಚಂದ. ಬುಟ್ಟಿ ಹೊತ್ತವರು ಮೊಣಕಾಲು ಸ್ವಲ್ಪ ಮಡಿಸಿಯೇ ನಡೆದು ತಲೆಯನ್ನು ಅಲ್ಲಾಡದಂತೆ ಇಡುತ್ತಾರೆ. ಬುಟ್ಟಿ ತಲೆಗೆ ಅಂಟಿಕೊಂಡೇ ಇರಲಿ, ಹಿಂದೆ ಉಳಿಯುವುದು ಸೆರಗಿನ ತುದಿ, ಅದೂ ಎರಡು ಚಿತ್ರದಷ್ಟು. ಒಂದು ಕೈ ಬುಟ್ಟಿಯ ಅಂಚಿನಲ್ಲಿ. ಇನ್ನೊಂದು ಕೈ ಅದೇ ಬದಿಯ ಕಾಲಿಗೆ ಎದುರಾಗಿ ಸಣ್ಣಗೆ ಬೀಸಲಿ. ಆಚೆ ಬದಿಯ ಕಾಲನ್ನು ಒಂದು ಛಾಯೆ ಗಾಢ ಮಾಡಿ, ಇಲ್ಲವಾದರೆ ಯಾವ ಕಾಲು ಯಾವುದೆಂದು ಕಣ್ಣು ಗೊಂದಲಕ್ಕೆ ಬೀಳುತ್ತದೆ.

ಪ್ರಶ್ನೆ (ಶಿರಸಿಯಿಂದ): ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನನ್ನದು ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಬರುವ ಆಳು. ಬಿಡಿಸಿದ್ದಲ್ಲ, ಕಂಪ್ಯೂಟರಿನಲ್ಲಿ ಎಲುಬು ಜೋಡಿಸಿದ ಗೊಂಬೆ. ಪಾದ ಎಳೆದರೆ ಮೊಣಕಾಲು ತಾನೇ ಬಾಗುತ್ತದೆ. ಆದರೆ ಹೆಜ್ಜೆ ಮುಗಿಯುವಾಗ ಮೊಣಕಾಲು ಟಕ್ ಅಂತ ಸಿಡಿಯುತ್ತದೆ. ತೊಡೆ, ಕೆಳಗಾಲು ಎರಡೂ 100 ಪಿಕ್ಸೆಲ್.

ಉತ್ತರ: ಕಾಲು ಪೂರ್ತಿ ನೆಟ್ಟಗಾಗಿ ಮತ್ತೆ ಮಡಚುತ್ತಿದೆ, ಅದಕ್ಕೆ. ಸೊಂಟದಿಂದ ಪಾದದ ಗಂಟಿಗೆ 200 ದೂರ ಇದ್ದರೆ ಕಾಲು ಕೋಲು. ದೂರ 199 ಆಯಿತೆನ್ನಿ, ಬರೀ ಒಂದು ಪಿಕ್ಸೆಲ್, ಮೊಣಕಾಲು 10 ಪಿಕ್ಸೆಲ್ ಮುಂದೆ ಹಾರುತ್ತದೆ. ಅದೇ 196ರಿಂದ 195ಕ್ಕೆ ಬಂದರೆ ಮೊಣಕಾಲು ಸರಿಯುವುದು ಎರಡು ಚಿಲ್ಲರೆ ಪಿಕ್ಸೆಲ್. ಆದ್ದರಿಂದ ದೂರ ಯಾವ ಫ್ರೇಮಿನಲ್ಲೂ 196 ದಾಟದಂತೆ ಸೊಂಟವನ್ನು ಇಳಿಸಿ. ಸೊಂಟ ಇಳಿಸಲು ಮನಸ್ಸಿಲ್ಲದಿದ್ದರೆ ಹೆಜ್ಜೆ ಕಿರಿದಾಗಿಸಿ. ಎರಡರಲ್ಲಿ ಒಂದು ಮಾಡಿ ಮಾರಾಯ್ರೆ.

ಇನ್ನೊಂದು: ಗೊಂಬೆಯ ಪಾದಕ್ಕೆ ಕೀ (ಈ ಫ್ರೇಮಿನಲ್ಲಿ ಪಾದ ಇಲ್ಲಿರಲಿ ಎಂಬ ಗುರುತು) ಹಾಕಿದಾಗ ಸಾಫ್ಟ್‌ವೇರ್ ಸಾಮಾನ್ಯವಾಗಿ ತಾನಾಗಿ ಎರಡು ತುದಿಗೂ ಮೆದುಗತಿ (ನಿಧಾನ ಶುರು, ನಿಧಾನ ನಿಲುಗಡೆ) ಕೊಟ್ಟಿರುತ್ತದೆ. ಊರಿದ ಪಾದದ ಚಲನೆಯ ಗ್ರಾಫನ್ನು ನೇರ ಗೆರೆ ಮಾಡಿ, ಇಲ್ಲವಾದರೆ ಮೊದಲಿನವರ ಪಾಚಿ ನಿಮಗೂ ಬರುತ್ತದೆ.

ಪ್ರಶ್ನೆ (ಕಾರವಾರದಿಂದಲೇ): ಸರಿ ಹೋಯಿತು ಮೇಡಂ, ಬುಟ್ಟಿ ಈಗ ನಿಂತಿದೆ. ಇದೇ ಹೆಂಗಸು ಟ್ಯಾಗೋರ್ ಕಡಲತೀರದ ಮರಳಿನ ಮೇಲೆ ಬಂದರೆ?

ಉತ್ತರ: ಹೆಜ್ಜೆಗೆ 8 ಚಿತ್ರ ಮಾಡಿ, ಚಿತ್ರಕ್ಕೆ 15 ಪಿಕ್ಸೆಲ್. ಡೌನ್ ಭಂಗಿಯನ್ನು 2 ಮತ್ತು 3ರಲ್ಲಿ ಹಿಡಿದಿಡಿ, ಪಾದ ನೆಲದ ಗೆರೆಯಿಂದ 5 ಪಿಕ್ಸೆಲ್ ಹುಗಿಯಲಿ. ಕೊನೆಯ ಎರಡು ಚಿತ್ರದಲ್ಲಿ ಒದೆಯುವ ಬೆರಳು ನೆಲಕ್ಕಿಂತ 3–4 ಪಿಕ್ಸೆಲ್ ಹೆಚ್ಚಾಗಿ ಹಿಂದೆ ಜಾರಲಿ. ಬೇಕೆಂದೇ ಜಾರಿಸುವುದು ಇಲ್ಲಿ ಮಾತ್ರ.