ಲಂಡನ್ನಿನಿಂದ ಬರುವ ತಂಗಿ, ಎಪ್ಪತ್ತನಾಲ್ಕರ ಅಪ್ಪ: ಓಮೈಕ್ರಾನ್ ಹೊತ್ತಿನಲ್ಲಿ ಬಾ ಎನ್ನಬಹುದೇ?

ಕಲ್ಪತರು_ತುಮಕೂರು | 11 ಡಿಸೆಂಬರ್ 2021

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ತಂದೆಯವರಿದ್ದಾರೆ. ವಯಸ್ಸು 74, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕೊವ್ಯಾಕ್ಸಿನ್‌ನ ಎರಡನೆಯ ಡೋಸ್ ಹಾಕಿಸಿಕೊಂಡದ್ದು ಕಳೆದ ಏಪ್ರಿಲ್‌ನಲ್ಲಿ. ಅಮ್ಮ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಆಗ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತ್ತು. ಇಲ್ಲಿಗೆ ಬಂದು ಹಿಂದಿರುಗುವವರು, ಒಬ್ಬರೇ ಆದರೆ 1,750 ಪೌಂಡ್ ತೆತ್ತು, ಹತ್ತು ದಿನ ಹೋಟೆಲಿನಲ್ಲಿರಬೇಕಿದ್ದ ಕಾರಣ, ಲಂಡನ್ನಿನಲ್ಲಿರುವ ನನ್ನ ತಂಗಿ ಪುಟ್ಟ ಮಗುವನ್ನು ಕಟ್ಟಿಕೊಂಡು ಹೊರಡಲಾಗದೆ, ಅಮ್ಮನ ಅಂತ್ಯಕ್ರಿಯೆಯನ್ನು ಫೋನಿನಲ್ಲೇ ನೋಡಿದಳು.

ಈಗ ಅವಳು, ಅವಳ ಯಜಮಾನರು ಮತ್ತು ಮೂರು ವರ್ಷದ ಮಗು ಇದೇ 19ಕ್ಕೆ ಬೆಂಗಳೂರಿಗೆ ಬರಲು ಟಿಕೆಟ್ ಮಾಡಿಸಿದ್ದಾರೆ. ಜನವರಿ 9ಕ್ಕೆ ವಾಪಸ್. ಅಷ್ಟರಲ್ಲಿ ಕೊರೋನಾದ ಹೊಸ ತಳಿ ಓಮೈಕ್ರಾನ್‌ನ ಸುದ್ದಿ ಬಂತು. ಭಾರತದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲೇ ಪತ್ತೆಯಾದವು, ಬ್ರಿಟನ್ನಿನಲ್ಲಂತೂ ದಿನದಿಂದ ದಿನಕ್ಕೆ ಏರುತ್ತಿದೆ. ತಂದೆಯವರಿಗಿರುವ ಲಸಿಕೆಯ ರಕ್ಷಣೆ ಈ ಹೊಸ ತಳಿಗೆ ಸಾಕಾಗುತ್ತದೆಯೇ? ವಿಮಾನ ನಿಲ್ದಾಣದ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೆ ನೇರವಾಗಿ ಊರಿಗೆ ಕರೆದುಕೊಂಡು ಹೋಗಬಹುದೇ? ಅಥವಾ ಈ ಬಾರಿ ಬರಬೇಡ ಎಂದುಬಿಡುವುದು ಸರಿಯೇ? ಹಾಗೆನ್ನಲು ನನಗೆ ಬಾಯಿ ಬರುತ್ತಿಲ್ಲ. ಮನೆಯ ಹಿಂದಿನ ಗಿಡ್ಡ ಮರದ ಎಳನೀರಿನ ಗೊನೆಯನ್ನು ಮೊಮ್ಮಗಳಿಗೆಂದು ಅಪ್ಪ ಯಾರಿಗೂ ಮುಟ್ಟಗೊಡದೆ ಉಳಿಸಿದ್ದಾರೆ.

ಸೂಕ್ಷ್ಮದರ್ಶಿ | 11 ಡಿಸೆಂಬರ್ 2021

ನಿಮ್ಮ ತಾಯಿಯವರ ವಿಷಯ ಓದಿ ಸಂಕಟವಾಯಿತು. ನಾನು ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಕಳೆದ ವರ್ಷದಿಂದ ಆರ್‌ಟಿಪಿಸಿಆರ್ ಮಾದರಿಗಳ ನಡುವೆಯೇ ಇದ್ದೇನೆ. ಆದ್ದರಿಂದ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ತಂದೆಯವರ ಮಟ್ಟಿಗೆ ನಿಜವಾದ ಅಪಾಯವಿರುವುದು ಅಲ್ಲಿಯೇ.

ವಿಮಾನ ನಿಲ್ದಾಣದ ನೆಗೆಟಿವ್ ವರದಿಯು ಆ ಗಳಿಗೆಯಲ್ಲಿ ಮೂಗು, ಗಂಟಲಿನಲ್ಲಿ ಪತ್ತೆಯಾಗುವಷ್ಟು ವೈರಸ್ ಇರಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ವಿಮಾನದಲ್ಲಿಯೋ ಹಿಂದಿನ ದಿನವೋ ಸೋಂಕು ತಗುಲಿದ್ದರೆ ಅದು ಪರೀಕ್ಷೆಗೆ ಸಿಗಲು ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕು. ಡಿಸೆಂಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ ಅಪಾಯದ ಪಟ್ಟಿಯ ದೇಶಗಳಿಂದ ಬಂದವರಿಗೆ ಏಳು ದಿನ ಮನೆಯಲ್ಲೇ ಪ್ರತ್ಯೇಕವಾಸ ಮತ್ತು ಎಂಟನೆಯ ದಿನ ಮತ್ತೊಂದು ಪರೀಕ್ಷೆ ಇರುವುದು ಇದೇ ಕಾರಣಕ್ಕೆ. ಬ್ರಿಟನ್ ಆ ಪಟ್ಟಿಯಲ್ಲಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಲಕ್ಷಣಗಳಿಲ್ಲದಿದ್ದರೆ ಪರೀಕ್ಷೆಯಿಂದ ವಿನಾಯಿತಿ ಇದೆ. ಆದರೆ ಅಜ್ಜನ ತೊಡೆಯೇರುವುದು ಆ ಮಗುವೇ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಮಾಧ್ಯಮದಲ್ಲಿ ಬರುತ್ತಿರುವ ‘ಎಸ್ ಜೀನ್’ ಮಾತು ಕೇಳಿ, ಪರೀಕ್ಷೆಗೆ ಈ ತಳಿ ಸಿಗದೇ ಹೋಗಬಹುದೆಂಬ ಗಾಬರಿಯೂ ಬೇಡ. ಆರ್‌ಟಿಪಿಸಿಆರ್ ಕಿಟ್‌ಗಳು ವೈರಸ್‌ನ ಒಂದಕ್ಕಿಂತ ಹೆಚ್ಚು ಜೀನ್‌ಗಳನ್ನು ಹುಡುಕುತ್ತವೆ. ಓಮೈಕ್ರಾನ್‌ನಲ್ಲಿ ಕೆಲವು ಕಿಟ್‌ಗಳಿಗೆ ಎಸ್ ಜೀನ್ ಕಾಣದಿದ್ದರೂ ಉಳಿದವು ಕಾಣುವುದರಿಂದ ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತದೆ. ಆ ಒಂದು ಕೊರತೆಯೇ ನಮಗೆ ಸುಳಿವಾಗುತ್ತದೆ. ಯಾವ ತಳಿಯೆಂಬುದು ಖಚಿತವಾಗಲು ಜೀನೋಮ್ ಸೀಕ್ವೆನ್ಸಿಂಗ್ (ವೈರಸ್‌ನ ಜೀನ್‌ಗಳನ್ನು ಪೂರ್ತಿಯಾಗಿ ಓದುವುದು) ಆಗಬೇಕು, ಅದಕ್ಕೆ ಹಲವು ದಿನ ಹಿಡಿಯುತ್ತದೆ.

ಲಸಿಕೆಯ ವಿಷಯ: ಈ ತಳಿಯ ಸ್ಪೈಕ್ ಪ್ರೋಟೀನಿನಲ್ಲಿ, ಅಂದರೆ ವೈರಸ್‌ನ ಮೇಲ್ಮೈಯಲ್ಲಿರುವ ಮುಳ್ಳುಗಳಲ್ಲಿ, 30ಕ್ಕೂ ಹೆಚ್ಚು ಬದಲಾವಣೆಗಳಿವೆ. ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆ ನಿನ್ನೆ ಪ್ರಕಟಿಸಿದ ಆರಂಭಿಕ ಅಂದಾಜಿನಂತೆ, ನಮ್ಮ ಕೋವಿಶೀಲ್ಡ್‌ಗೆ ಸಮನಾದ ಆಸ್ಟ್ರಾಜೆನೆಕಾ ಲಸಿಕೆಯ ಎರಡು ಡೋಸ್‌ಗಳು ಲಕ್ಷಣಸಹಿತ ಸೋಂಕನ್ನು ತಡೆಯುವುದು ತೀರಾ ಕಡಿಮೆ. ಮೂರನೆಯ ಡೋಸ್ ಪಡೆದವರಲ್ಲಿ ರಕ್ಷಣೆ ಶೇ 70ರಿಂದ 75ಕ್ಕೆ ಏರುತ್ತದೆ. ಎರಡು ಡೋಸ್ ವ್ಯರ್ಥವೆಂದು ಇದರ ಅರ್ಥವಲ್ಲ. ಸೋಂಕು ಬಾರದಂತೆ ತಡೆಯುವುದು ಒಂದು, ಬಂದ ಸೋಂಕು ಶ್ವಾಸಕೋಶಕ್ಕಿಳಿಯದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯ ಕೆಲಸವನ್ನು ಲಸಿಕೆಗಳು ಹೆಚ್ಚು ಕಾಲ ಮಾಡುತ್ತವೆ. ಆದರೆ ವಯಸ್ಸು, ಸಕ್ಕರೆ ಕಾಯಿಲೆ, ಎಂಟು ತಿಂಗಳ ಅಂತರ ಮೂರೂ ಕೂಡಿರುವಾಗ ಲಸಿಕೆಯೊಂದನ್ನೇ ನಂಬಿ ಕೂರಬೇಡಿ ಎಂದು ನಾನು ಹೇಳುತ್ತೇನೆ. ಬಂದವರು ಮೊದಲ ವಾರ ಅಪ್ಪನಿರುವ ಸೂರಿನಡಿ ಇರದಂತೆ ವ್ಯವಸ್ಥೆ ಮಾಡಲು ಸಾಧ್ಯವಾದರೆ, ಬರಲಿ.

ಯಲಹಂಕ_ನಿವಾಸಿ | 11 ಡಿಸೆಂಬರ್ 2021

ನಾನು ಹೋದ ಶನಿವಾರ ಜರ್ಮನಿಯಿಂದ ಬಂದೆ, ಈಗ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಹೊರಡುವ ಮುನ್ನ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿಯನ್ನೂ ಹದಿನಾಲ್ಕು ದಿನಗಳ ಪ್ರಯಾಣದ ವಿವರವನ್ನೂ ಸರ್ಕಾರದ ಜಾಲತಾಣವಾದ ಏರ್ ಸುವಿಧಾದಲ್ಲಿ ತುಂಬಬೇಕು. ಕಡತ ದೊಡ್ಡದಾದರೆ ಅದು ಸ್ವೀಕರಿಸುವುದಿಲ್ಲವಾದ್ದರಿಂದ ಪಾಸ್‌ಪೋರ್ಟಿನ ಪ್ರತಿಯನ್ನು ಮೊದಲೇ ಚಿಕ್ಕದು ಮಾಡಿಟ್ಟುಕೊಳ್ಳಲಿ. ಇಳಿದ ಮೇಲೆ ಗಂಟಲ ದ್ರವ ಕೊಟ್ಟು, ವರದಿ ಬರುವವರೆಗೆ ಹೊರಗೆ ಬಿಡುವುದಿಲ್ಲ. ಬೇಗ ಬರುವ ಪರೀಕ್ಷೆಗೆ ದುಡ್ಡು ಹೆಚ್ಚು, ಸಾಮಾನ್ಯ ಪರೀಕ್ಷೆಗೆ ಗಂಟೆಗಟ್ಟಲೆ ಕಾಯಬೇಕು. ಮಗುವಿರುವುದರಿಂದ ಮೊದಲನೆಯದಕ್ಕೇ ಮುಂಗಡ ಹಣ ಕಟ್ಟಿಸಿ; ಹಾಲು, ಬಿಸ್ಕತ್ತು ಕೈಚೀಲದಲ್ಲೇ ಇರಲಿ.

ಮನೆಗೆ ಬಂದ ಮೇಲೆ ನಿತ್ಯ ಒಬ್ಬರು ಫೋನ್ ಮಾಡಿ ವಿಚಾರಿಸುತ್ತಾರೆ. ನನ್ನ ತಾಯಿ ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿ ಇಟ್ಟು, ನಾಲ್ಕು ಮೆಟ್ಟಿಲು ಇಳಿದು ನಿಂತು, ನಾನು ಮುಚ್ಚಳ ತೆಗೆದು ಉಣ್ಣುವವರೆಗೆ ಕದಲುವುದಿಲ್ಲ. ಎಂಟು ದಿನ ಕಷ್ಟ, ಆದರೆ ಆಗದ್ದೇನಲ್ಲ.

ಮಲೆನಾಡ_ಮೇಷ್ಟ್ರು | 12 ಡಿಸೆಂಬರ್ 2021

ನನ್ನ ಅಭಿಪ್ರಾಯ ಬೇರೆ. ಎರಡನೆಯ ಅಲೆಯಲ್ಲಿ ನಮ್ಮಣ್ಣನಿಗೆ ಆಮ್ಲಜನಕದ ಹಾಸಿಗೆ ಹುಡುಕುತ್ತ ಒಂದೇ ರಾತ್ರಿ ಮೂರು ಊರು ಸುತ್ತಿದವನು ನಾನು. ನಮ್ಮಲ್ಲಿ ಮೂರನೆಯ ಡೋಸ್ ಇನ್ನೂ ಆರಂಭವಾಗಿಲ್ಲ, ಹೊಸ ತಳಿಯ ಸ್ವಭಾವ ಸ್ಪಷ್ಟವಾಗಿಲ್ಲ. ಸರ್ಕಾರವೇ ಡಿಸೆಂಬರ್ 15ಕ್ಕೆ ಆರಂಭಿಸಬೇಕಿದ್ದ ಅಂತರರಾಷ್ಟ್ರೀಯ ವಿಮಾನಗಳನ್ನು ಜನವರಿ 31ರವರೆಗೆ ಮುಂದೂಡಿ, ಬಬಲ್ ಒಪ್ಪಂದದ (ಕೆಲವು ದೇಶಗಳೊಡನೆ ಮಾಡಿಕೊಂಡ ವಿಶೇಷ ಒಪ್ಪಂದದ) ವಿಮಾನಗಳನ್ನಷ್ಟೇ ಬಿಡುತ್ತಿದೆ. ಹಿಂದಿರುಗುವಾಗಲೂ ಬ್ರಿಟನ್ ಇದೇ 7ರಿಂದ ಪ್ರಯಾಣಪೂರ್ವ ಪರೀಕ್ಷೆ ಕಡ್ಡಾಯ ಮಾಡಿದೆ. ಇಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಅವರ ರಜೆ, ನೌಕರಿ ಎಲ್ಲವೂ ಅಡ್ಡಕ್ಕೆ ಬೀಳುತ್ತವೆ. ಮಾರ್ಚ್‌ವರೆಗೆ ತಡೆದರೆ ಅಮ್ಮನ ವರ್ಷಾಂತಿಕಕ್ಕೂ ಹತ್ತಿರವಾಗುತ್ತದೆ. ಯೋಚಿಸಿ.

ಜೋಬರ್ಗ್_ಹುಬ್ಬಳ್ಳಿ | 12 ಡಿಸೆಂಬರ್ 2021

ಮೇಷ್ಟ್ರ ನೋವು ನನಗೆ ಅರ್ಥವಾಗುತ್ತದೆ. ಆದರೂ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ನೆಲೆಸಿರುವ ನಾನು ಒಂದು ಮಾತು ಹೇಳಲೇಬೇಕು. ಇಲ್ಲಿನ ವಿಜ್ಞಾನಿಗಳು ಈ ತಳಿಯನ್ನು ಗುರುತಿಸಿ ನವೆಂಬರ್ 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದರು. 26ರಂದು ಅದಕ್ಕೆ ಹೆಸರು ಬಿತ್ತು, ಅಂದೇ ಹಲವು ದೇಶಗಳು ನಮಗೆ ಬಾಗಿಲು ಹಾಕಿದವು. ಆಮೇಲೆ ನೋಡಿದರೆ ನೆದರ್‌ಲ್ಯಾಂಡ್ಸ್‌ನಲ್ಲಿ ನವೆಂಬರ್ 19 ಮತ್ತು 23ರಂದು ತೆಗೆದಿದ್ದ ಮಾದರಿಗಳಲ್ಲೇ ಓಮೈಕ್ರಾನ್ ಇತ್ತು. ಬೆಂಗಳೂರಿನ ಎರಡು ಪ್ರಕರಣಗಳನ್ನೇ ನೋಡಿ. ವಿದೇಶದಿಂದ ಬಂದಿದ್ದವರು ನವೆಂಬರ್ 27ರಂದೇ ದುಬೈಗೆ ಹೊರಟುಹೋಗಿದ್ದರು, ಸುದ್ದಿ ಹೊರಬಿದ್ದದ್ದು ಡಿಸೆಂಬರ್ 2ರಂದು. ಇನ್ನೊಬ್ಬರು ಎರಡೂ ಡೋಸ್ ಪಡೆದ ಸ್ಥಳೀಯ ವೈದ್ಯರು, ಎಲ್ಲಿಗೂ ಪ್ರಯಾಣ ಮಾಡಿದವರೇ ಅಲ್ಲ. ಗಡಿಯಲ್ಲಿ ಜರಡಿ ಹಿಡಿಯುವ ಹೊತ್ತಿಗೆ ಹಿಟ್ಟು ಒಳಗೆ ಬಿದ್ದಾಗಿತ್ತು. ಸತ್ಯವನ್ನು ಮೊದಲು ಹೇಳಿದವರಿಗೆ ಸಿಕ್ಕಿದ್ದು ದಂಡ. ಮುಂದಿನ ತಳಿ ಕಂಡಾಗ ಯಾವ ದೇಶ ಧೈರ್ಯವಾಗಿ ಬಾಯಿ ಬಿಡುತ್ತದೆ ಎಂಬುದೇ ನನ್ನ ಆತಂಕ.

ಇಲ್ಲಿಯ ತ್ಶ್ವಾನೆ (ಪ್ರಿಟೋರಿಯಾ) ನಗರದ ಆಸ್ಪತ್ರೆಗಳ ಮೊದಲ ವರದಿಯಂತೆ, ಕೋವಿಡ್ ವಾರ್ಡಿನಲ್ಲಿರುವ ಹೆಚ್ಚಿನವರಿಗೆ ಈ ಬಾರಿ ಆಮ್ಲಜನಕ ಬೇಕಾಗಿಲ್ಲ. ಆದರೆ ಇಲ್ಲಿಯ ಜನರಲ್ಲಿ ಯುವಕರು ಹೆಚ್ಚು, ಹಿಂದೆಯೇ ಸೋಂಕು ಬಂದು ಹೋದವರು ಬಹಳ. ಇದನ್ನು 74ರ ಸಕ್ಕರೆ ರೋಗಿಗೆ ಹಾಗೆಯೇ ಅನ್ವಯಿಸಬೇಡಿ. ಊರಿನಲ್ಲೂ ಮದುವೆ, ಸಂತೆ, ಬಸ್ಸು ನಡೆದೇ ಇವೆ. ತಂಗಿ ಬಾರದಿದ್ದರೆ ಸೋಂಕೂ ಬಾರದು ಎಂದೇನಿಲ್ಲ. ಪರೀಕ್ಷೆ ಮಾಡಿಸಿಕೊಂಡು, ದಿನ ಎಣಿಸಿ ಬರುವ ಮಗಳಿಗಿಂತ ಕೆಮ್ಮುತ್ತಲೇ ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂರುವ ನೆಂಟರ ಭಯ ನನಗೆ ಹೆಚ್ಚು.

ಕಲ್ಪತರು_ತುಮಕೂರು | 13 ಡಿಸೆಂಬರ್ 2021

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರೇ, ನಿಮ್ಮ ಮಾತನ್ನು ತಂಗಿಗೂ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಮಾರ್ಚ್‌ನಲ್ಲಿ ಇನ್ನೊಂದು ತಳಿ ಬಂದರೆ ಏನು ಮಾಡಲಿ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಹೀಗೆ ನಿಶ್ಚಯಿಸಿದ್ದೇವೆ. ತುಮಕೂರಿನ ನಮ್ಮ ಮನೆಯನ್ನು ಅವರಿಗೆ ಬಿಟ್ಟುಕೊಡುತ್ತೇವೆ. ನನ್ನ ಹೆಂಡತಿ, ಮಕ್ಕಳು ಇದೇ ಊರಿನಲ್ಲಿರುವ ತವರುಮನೆಗೆ ಹೋಗುತ್ತಾರೆ. ನಾನೂ ಅಲ್ಲೇ ಇದ್ದು ಬಾಗಿಲವರೆಗೆ ಊಟ ತಲುಪಿಸುತ್ತೇನೆ. ಎಂಟನೆಯ ದಿನದ ವರದಿ ಕೈಗೆ ಬರುವವರೆಗೆ ಅವರೂ ನಾನೂ ಹಳ್ಳಿಗೆ ಕಾಲಿಡುವುದಿಲ್ಲ. ಮಗುವಿಗೂ ಅಂದು ಪರೀಕ್ಷೆ ಮಾಡಿಸುತ್ತೇವೆ. ಆಮೇಲೆ ಹಳ್ಳಿಯ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಗೆ ಹೊರಗಿನಿಂದಲೇ ಬಾಗಿಲಿರುವುದರಿಂದ ಅವರು ಅಲ್ಲಿ ಮಲಗಲಿ, ಹಗಲು ಎಲ್ಲರೂ ಅಂಗಳದಲ್ಲೇ ಕೂರಲಿ ಎಂದುಕೊಂಡಿದ್ದೇವೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಬಂದ ದಿನವೇ ಊರಿಗೆ ಬರುವುದಿಲ್ಲ, ಎಂಟೊಂಬತ್ತು ದಿನ ತಡವಾಗುತ್ತದೆ ಎಂದು ಹೆದರುತ್ತಲೇ ಹೇಳಿದೆ. ಅವರು ಬೆರಳು ಮಡಿಸಿ ಎಣಿಸಿರಬೇಕು, ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ಅಷ್ಟು ದಿನಕ್ಕೆಲ್ಲ ಎಳನೀರು ಬಲಿಯುವುದಿಲ್ಲ ಬಿಡು ಎಂದರು.