ಫೈಬರ್ ಪೇಟೆಂಟ್ ಮೇಲ್ಮನವಿ: ‘ಚದುರು ಪರಿಹಾರ ಪೊಟ್ಟಣ’ ಬೇಡ

ಸಾರ್, ಫೈಬರ್ ಪೇಟೆಂಟ್ ಮೇಲ್ಮನವಿಯ ತಲೆಬರಹದ ‘ಡಿಸ್ಪರ್ಶನ್ ಕಾಂಪೆನ್ಸೇಟಿಂಗ್ ಫೈಬರ್ ಪ್ಯಾಕೇಜ್’ಗೆ ಕನ್ನಡ ಪದ ಕೇಳಿದ್ದೀರಿ, ಅನುವಾದ ನಾಳೆಯೇ ಕೊಡಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದ ಕೊಟ್ಟುಬಿಡುತ್ತೇನೆ: ‘ಹರಡಿಕೆ ಸರಿದೂಗಿಸುವ ಫೈಬರ್ ರೀಲು’. ನೀವು ಯೋಚಿಸಿರುವ ‘ಚದುರು ಪರಿಹಾರ ಪೊಟ್ಟಣ’ ಖಂಡಿತ ಬೇಡ. ಮೂರಕ್ಕೆ ಮೂರೂ ತಪ್ಪು.

ಚದುರುವಿಕೆ ಅಂದರೆ ಬೆಳಕು ಅಣುಗಳಿಗೆ ತಗಲಿ ಅತ್ತಿತ್ತ ಚೆಲ್ಲುವುದು, ಸಿ.ವಿ. ರಾಮನ್ 1928ರಲ್ಲಿ ಬೆನ್ನು ಹತ್ತಿದ್ದ ವಿಷಯ. ಇಲ್ಲಿ ನಡೆಯುವುದು ಬೇರೆ. ಫೈಬರ್ ಅನ್ನುವ ಗಾಜಿನ ಎಳೆಯೊಳಗೆ ಬೆಳಕಿನ ಒಂದೊಂದು ತರಂಗಾಂತರ ಒಂದೊಂದು ವೇಗದಲ್ಲಿ ಹೋಗುತ್ತದೆ. ಚೂಪಾಗಿ ಹೊರಟ ಬೆಳಕಿನ ಮಿಡಿತ ದೂರ ಹೋದಷ್ಟೂ ಅಗಲವಾಗಿ ಪಕ್ಕದ ಮಿಡಿತದ ಮೇಲೆ ಬೀಳುತ್ತದೆ. ಅದು ಹರಡಿಕೆ. ಶಾಲೆಯ ಪುಸ್ತಕದ ‘ವರ್ಣವಿಭಜನೆ’ ಇರಲಿ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಬರೆದಿದ್ದಾರೆ. ಇಲ್ಲಿ ಫೈಬರಿನಲ್ಲಿ ಹೋಗುವ 1550 ನ್ಯಾನೋಮೀಟರಿನ ಬೆಳಕು ಕಣ್ಣಿಗೇ ಕಾಣುವುದಿಲ್ಲ. ಯಾವ ವರ್ಣ?

‘ಪರಿಹಾರ’ ಇನ್ನೂ ಅಪಾಯ. ಕಾನೂನಿನ ಬರಹದಲ್ಲಿ ಆ ಪದ ಕಂಡರೆ ಯಾರೇ ಆಗಲಿ ದುಡ್ಡು ಅಂದುಕೊಳ್ಳುತ್ತಾರೆ.

ಇನ್ನು ಪೊಟ್ಟಣ. ಮಾಮೂಲಿ ಫೈಬರಿನಲ್ಲಿ ಈ ಹರಡಿಕೆ ಪ್ರತಿ ಕಿಲೋಮೀಟರಿಗೆ, ತರಂಗಾಂತರದ ಪ್ರತಿ ನ್ಯಾನೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು). 80 ಕಿ.ಮೀ. ಹೋದರೆ 1360 ಪಿಕೋಸೆಕೆಂಡ್ ಆಯಿತು. ಅದನ್ನು ಸರಿದೂಗಿಸಲು ಉಲ್ಟಾ ಗುಣದ ಫೈಬರ್ ಬೇಕು. ಅದರದು ಕಿಲೋಮೀಟರಿಗೆ ಮೈನಸ್ 85 ಇದ್ದರೆ 16 ಕಿ.ಮೀ. ಉದ್ದದ ಎಳೆಯನ್ನು ರೀಲಿಗೆ ಸುತ್ತಿ ಪೆಟ್ಟಿಗೆಯಲ್ಲಿ ಕೂರಿಸಬೇಕು. ರೀಲು ಚಿಕ್ಕದಾದರೆ ಬಾಗಿದ ಕಡೆ ಬೆಳಕು ಸೋರುತ್ತದೆ. ಬಿಸಿಗೆ ರೀಲು ಹಿಗ್ಗಿದರೆ ಎಳೆಯನ್ನು ಜಗ್ಗುತ್ತದೆ. ಇಂಥ ಪೇಟೆಂಟಿನಲ್ಲಿ ಜಗಳ ಬರಬಹುದಾದದ್ದು ಸುತ್ತುವ, ಕೂರಿಸುವ ರೀತಿಯ ಮೇಲೆ: ಈ ಕೆಲಸ ಬಲ್ಲ ಬೇರೆಯವರಿಗೂ ಅದು ಸಲೀಸಾಗಿ ಹೊಳೆಯುತ್ತಿತ್ತೇ, ಇಲ್ಲವೇ? ‘ಪೊಟ್ಟಣ’ ಅಂದ ಕೂಡಲೇ ಸುತ್ತಿದ್ದೇ ಮಾಯ.

ರೀಲು ಇಂಗ್ಲಿಷ್, ‘ಉರುಳೆ’ ಅನ್ನಿ ಎಂದವರು ಒಮ್ಮೆ ನಮ್ಮ ಶಿಡ್ಲಘಟ್ಟಕ್ಕೆ ಬರಲಿ. ರೇಷ್ಮೆಗೂಡು ಬೇಯಿಸಿದ ಬಿಸಿನೀರಿಗೆ ಬೆರಳಿಟ್ಟು, ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹುಡುಕುವ ಹೆಂಗಸರ ಪಕ್ಕ ಸ್ವಲ್ಪ ಹೊತ್ತು ನಿಲ್ಲಲಿ. ರೀಲು, ರೀಲಿಂಗು, ರೀಲರು: ದಿನವಿಡೀ ಕೇಳುವ ಮಾತು ಇದೇ. ಸರ್ಕಾರಿ ಕಾಗದದಲ್ಲಿ ‘ನೂಲು ಬಿಚ್ಚಾಣಿಕೆ’ ಅಂತಿದೆ. ಚಂದದ ಪದವೇ, ಆದರೆ ಅದು ಕೆಲಸದ ಹೆಸರು, ಸುತ್ತುವ ಸಾಮಾನಿನದಲ್ಲ. ಬೆರಳು ಸುಟ್ಟುಕೊಂಡು ದುಡಿಯುವವರ ಬಾಯಲ್ಲಿರುವುದು ಕನ್ನಡ ಅಲ್ಲ ಅನ್ನಲು ನಿಘಂಟು ಹಿಡಿದು ಕೂತವರು ಯಾರು? ಎರವಲು ಪದ ಅಂತ ಬೇಲಿ ಹಾಕುತ್ತಾ ಹೋದರೆ ಕೊನೆಗೆ ಕಸುಬಿನವರೇ ಬೇಲಿಯ ಆಚೆ ಉಳಿಯುತ್ತಾರೆ.

ಫೈಬರನ್ನೂ ‘ದ್ಯುತಿತಂತು’ ಮಾಡಬೇಡಿ. ಊರೂರಿಗೆ ಕೇಬಲ್ ಬಂದಾಗಲೇ ಜನ ಆ ಪದ ಕಲಿತಾಗಿದೆ. ಪೇಟೆಂಟಿನಲ್ಲಿ ಇಷ್ಟು ನನ್ನದು ಅಂತ ಕೇಳುವ ಕ್ಲೇಮ್‌ಗೆ ಮಾತ್ರ ‘ಹಕ್ಕುಕೋರಿಕೆ’ ಹಾಕಿ, ಅರ್ಥ ಜಾಸ್ತಿ ಬಿಗಿಯಾಗಿ ಕೂರುತ್ತದೆ.

ತಲೆಬರಹ ಹೀಗಿರಲಿ: ‘ಹರಡಿಕೆ ಸರಿದೂಗಿಸುವ ಫೈಬರ್ ರೀಲು ಮತ್ತು ಪೆಟ್ಟಿಗೆ: ಪೇಟೆಂಟ್ ಮೇಲ್ಮನವಿ’.