ಮಳೆ ಬಂದ್ರೆ ವಿಸ್ಯಾಟ್ (ಸಣ್ಣ ಡಿಶ್‌ನ ಸ್ಯಾಟಲೈಟ್ ಸಂಪರ್ಕ) ಲಿಂಕ್ ಬಿದ್ದೋಗತ್ತೆ, ಏನ್ ಮಾಡ್ಬೋದು?

ಪೀಣ್ಯ_ನೆಟ್: ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ ಫ್ಯಾಕ್ಟರಿ ಮೇಲೆ 1.2 ಮೀಟರ್ ಡಿಶ್ ಇದೆ, ಕೆಯು ಬ್ಯಾಂಡ್ (ಸ್ಯಾಟಲೈಟ್‌ಗೆ ಬಳಸೋ ಒಂದು ಫ್ರೀಕ್ವೆನ್ಸಿ ಪಟ್ಟಿ). ಸೋನೆ ಮಳೆಗೆ ಏನೂ ಆಗಲ್ಲ, ಮೇ ತಿಂಗಳ ಸಂಜೆ ಮಳೆ ಧೋ ಅಂತ ಸುರಿದ್ರೆ ಲಿಂಕ್ ಪೂರ್ತಿ ಹೋಗತ್ತೆ, ನಿಂತ್ಮೇಲೂ ಬೇಗ ಬರಲ್ಲ. ಅದಕ್ಕಿಂತ ಮೇಲಿನ ಕೆಎ ಬ್ಯಾಂಡ್‌ಗೆ ಹೋದ್ರೆ ಸರಿ ಹೋಗತ್ತಾ?

ಆಂಟೆನಾ_ಅಣ್ಣ: ಬೇಡಪ್ಪ, ಇನ್ನೂ ಕಷ್ಟ. 10 ಗಿಗಾಹರ್ಟ್ಸ್ ದಾಟಿದ್ಮೇಲೆ ಫ್ರೀಕ್ವೆನ್ಸಿ ಏರಿದಷ್ಟೂ ಮಳೆಹನಿ ಸಿಗ್ನಲ್ಲನ್ನ ಜಾಸ್ತಿ ನುಂಗತ್ತೆ, ಕೆಯು ಅಪ್‌ಲಿಂಕ್ (ಡಿಶ್‌ನಿಂದ ಸ್ಯಾಟಲೈಟ್‌ಗೆ ಹೋಗೋ ಸಿಗ್ನಲ್) 14ರ ಹತ್ರ ಇದ್ರೆ ಕೆಎ 30ರ ಹತ್ರ, ಸಾಲದ್ದಕ್ಕೆ ಮಳೆ ತಾನೂ ನಾಯ್ಸ್ ಸೇರಿಸತ್ತೆ. ಮೊದ್ಲು ಮೋಡೆಮ್‌ನಲ್ಲಿ ಎಸಿಎಂ (ಸಿಗ್ನಲ್‌ಗೆ ತಕ್ಕಂತೆ ಕೋಡಿಂಗ್, ಮಾಡ್ಯುಲೇಷನ್ ತಾನೇ ಬದಲಾಯಿಸೋದು) ಆನ್ ಇದ್ಯಾ ನೋಡಿ, ಸಿಗ್ನಲ್ ಕುಗ್ಗಿದಾಗ ವೇಗದ 8ಪಿಎಸ್‌ಕೆ ಮಾಡ್ಯುಲೇಷನ್‌ನಿಂದ ನಿಧಾನವಾದ್ರೂ ಗಟ್ಟಿಯಾದ ಕ್ಯೂಪಿಎಸ್‌ಕೆಗೆ ಇಳಿಯತ್ತೆ, ಸ್ಪೀಡ್ ಕಮ್ಮಿಯಾದ್ರೂ ಲಿಂಕ್ ಉಳಿಯತ್ತೆ, ನನ್ ಪ್ರಕಾರ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಮಳೇಲಿ ಕಳಿಸೋ ಪವರ್ ಏರಿಸೋ ಅಪ್‌ಲಿಂಕ್ ಪವರ್ ಕಂಟ್ರೋಲೂ ಇದೆ, ಆದ್ರೆ ಬಿಯುಸಿಯಲ್ಲಿ (ಡಿಶ್ ಮೇಲಿನ ಟ್ರಾನ್ಸ್‌ಮಿಟರ್ ಡಬ್ಬಿ) ಪವರ್ ಮಿಕ್ಕಿರ್ಬೇಕು.

ಹಾಸನದ_ಹುಡುಗ: ಡಿಶ್ ಮುಂದಿರೋ ಫೀಡ್ ಹಾರ್ನ್ (ಸಿಗ್ನಲ್ ಹೋಗಿಬರೋ ಕೊಳವೆ) ಮುಚ್ಚಳ ನೋಡಿದ್ರಾ? ಪೀಣ್ಯದ ಧೂಳು ಗೊತ್ತಲ್ಲ, ಅದು ಕೂತಿದ್ರೆ ನೀರು ಜಾರಲ್ಲ, ತೆಳ್ಳಗೆ ಪದರವಾಗಿ ನಿಂತ್ಬಿಡತ್ತೆ. ಲಿಂಕ್ ತಡವಾಗಿ ಬರೋದಕ್ಕೆ ಇದೇ ಕಾರಣ ಇರ್ಬೋದು, ಒರೆಸಿ ನೋಡಿ.

ಪೀಣ್ಯ_ನೆಟ್: ಒರೆಸಿಸ್ತೀನಿ ಸರ್. ಎರಡು ಕಡೆ ಡಿಶ್ ಇಡೋದು ಅಂತಾರಲ್ಲ, ಅದು?

ಆಂಟೆನಾ_ಅಣ್ಣ: ಅದು ಹಬ್ (ಎಲ್ಲಾ ಡಿಶ್‌ಗಳನ್ನ ಜೋಡಿಸೋ ಮುಖ್ಯ ಸ್ಟೇಷನ್) ನಡೆಸೋರಿಗೆ. ಗುಡುಗು ಮಳೆ ಕೆಲವೇ ಕಿಲೋಮೀಟರ್ ಅಗಲ, ಪೀಣ್ಯ ನೆನೆಯೋವಾಗ ಎಲೆಕ್ಟ್ರಾನಿಕ್ ಸಿಟಿ ಒಣಗಿರತ್ತೆ, ಹಾಗಾಗಿ ದೂರದ ಇನ್ನೊಂದು ಸ್ಟೇಷನ್‌ಗೆ ಟ್ರಾಫಿಕ್ ಬದಲಾಯಿಸ್ತಾರೆ. ನಿಮಗೆ 1.8 ಮೀಟರ್ ಡಿಶ್ ಹಾಕಿಸೋದೇ ವಾಸಿ, ಸಿಗ್ನಲ್ 3 ಡಿಬಿಗಿಂತ, ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ ಸಿಗತ್ತೆ.